ಮೈಕಿನಲ್ಲಿ ಕೂಗಿದ ಆಯೇರಿ

12 ಜನವರಿ 2018, ರಾಯಬಾಗ
ಇಂದೂ ಕಾಲೇಜು ಕ್ಯಾಂಟೀನಿನಲ್ಲಿ ಹನ್ನೊಂದು ಫೋಟೋ ತೆಗೆದೆ. ಚಹಾಪುಡಿ ಪಾಕೀಟು ಕೆನ್ನೆಗೆ ಹಚ್ಚಿಕೊಂಡು ನಗಬೇಕು. ಫೇಸ್‌ಬುಕ್ಕಿಗೆ ಹಾಕಿ ಕಂಪನಿಯನ್ನು ಟ್ಯಾಗ್ ಮಾಡಬೇಕು. ಅಷ್ಟಾದರೆ ಕಿವಿ ಕೇಳದ ಮಕ್ಕಳಿಗೆ ಕಂಪನಿಯಿಂದ ಮಷಿನ್. ಎಂಥ ಕಾಲ ಬಂತು — ದಾನಶೂರ ಪಾಕೀಟಿನೊಳಗೆ ಕುಳಿತಿದ್ದಾನೆ.

ಕ್ಲಾಸಿನ ತ್ರಿಶಲಾ ನಾಲ್ಕು ಸಲ ತೆಗೆಸಿಕೊಂಡಳು. "ಪುಣ್ಯ ಇರ್ಲಿ, ಮೊದಲ ನನ್ನ ಗದ್ದ ನೋಡೋ ಸಂಗ್ರಾಮ. ಎರಡ ಕಾಣಾಕತ್ತಾವ."

ನಾನು ಹಾಕಿದ್ದು ಮಯೂರಿಯ ಫೋಟೋ. ದಿಗ್ಗೇವಾಡಿಯಲ್ಲಿ ನಮ್ಮ ಪಕ್ಕದ ಮನೆ ಸುಂದ್ರವ್ವನ ಮೊಮ್ಮಗಳು. ಆರು ವರ್ಷ. ಸಿಡಿಲು ಬಡಿದರೂ ತಿರುಗಿ ನೋಡುವುದಿಲ್ಲ.

15 ಜನವರಿ
ಕಂಪನಿಯ ಉತ್ತರ ಬಂತು. "ನಿಮ್ಮ ಮಯೂರಿಯ ಜೊತೆ ನಾವಿದ್ದೇವೆ." ಕೆಳಗೆ ಕೆಂಪು ಹೃದಯ. ಗಟ್ಟಿಯಾಗಿ ಮೂರು ಸಲ ಓದಿದೆ. ಕೊಟ್ಟಿಗೆಯಲ್ಲಿ ಎಮ್ಮೆ ಬೆದರಿತು.

21 ಜನವರಿ, ಬೆಳಿಗ್ಗೆ
ನಿನ್ನೆ ಊರಲ್ಲಿ ಅಪ್ಪನ ಮಂಡಳಿಯ ನಾಟಕ. ಎರಡನೇ ಅಂಕ ನಿಲ್ಲಿಸಿ, ಎಂದಿನಂತೆ ಆಯೇರಿ ಕೂಗಿದೆ — ಯಾರಿಂದ, ಯಾರಿಗೆ, ಏನು ಕಾಣಿಕೆ. ಮೈಕಿನಲ್ಲಿ ಕೂಗಿದ್ದು ಕೈಗೆ ಬಂದಂತೆಯೇ. ಈ ರಂಗದ ಹಲಗೆಯ ಮೇಲೆ ಕೊಟ್ಟ ಮಾತನ್ನು ಇವತ್ತಿನ ತನಕ ಯಾರೂ ಹಿಂದೆ ತೆಗೆದುಕೊಂಡಿಲ್ಲ. ಕೊನೆಗೆ ಬಲಗೈ ಆಕಾಶಕ್ಕೆ, ಎಡಗೈ ಎದೆಗೆ: ಚಹಾ ಕಂಪನಿಯವರಿಂದ ಕುಮಾರಿ ಮಯೂರಿಗೆ ಕಿವಿಯ ಮಷಿನ್.

ಚಪ್ಪಾಳೆ ಹೊಳೆ ದಾಟಿರಬೇಕು. ಮಯೂರಿ ಸುತ್ತಲಿನವರ ಕೈ ನೋಡಿ ಎಲ್ಲರಿಗಿಂತ ಕೊನೆಗೆ ತಟ್ಟಿದಳು.

2 ಫೆಬ್ರುವರಿ
ಬಸ್‌ಸ್ಟ್ಯಾಂಡಿನಲ್ಲಿ ನಮ್ಮೂರ ಸಾಹುಕಾರ ಕಾಕಾಸಾಹೇಬರು ಸಿಕ್ಕರು. ಮಯೂರಿಯನ್ನು ಮಿರಜಿಗೆ ಕರೆದೊಯ್ದು ತಾವೇ ಮಷಿನ್ ಹಾಕಿಸುತ್ತೇನೆಂದು ದೀಪಾವಳಿಯಲ್ಲಿ ಹೇಳಿದ್ದವರು.

"ಕಂಪನೀನ ಕೊಡಾಕತ್ತೈತಿ ಅಂದ್ರ ಛಲೋ ಆತ ಬಿಡಪಾ. ಆ ರೊಕ್ಕ ನಾ ಸಾಲಿ ನೀರಿನ ಟಾಕಿಗೆ ಕೊಟ್ಟೇನಿ. ನೀ ಕೂಗಿದ್ದ ಕೇಳೇ ಕೊಟ್ಟೇನಿ."

"ಹೌದ್ರಿ" ಅಂದೆ.

19 ಫೆಬ್ರುವರಿ
ನನ್ನ ಏಳನೇ ಮೆಸೇಜಿಗೆ ಕಂಪನಿಯ ಉತ್ತರ. "ಅಭಿಯಾನ ಮುಗಿದಿದೆ. ನಿಮ್ಮ ಪ್ರೀತಿಗೆ ಧನ್ಯವಾದ." ಅದೇ ಹೃದಯ. ಮಷಿನ್‌ಗಳು ಮುಂಬೈಯ ಒಂದು ಶಾಲೆಗೆ ಹೋಗಿವೆ. ವಿಡಿಯೋ ಇದೆ. ಮಕ್ಕಳು ನಗುತ್ತಿವೆ. ಬೈಯಲೂ ಬಾಯಿ ಬರುವುದಿಲ್ಲ.

ತ್ರಿಶಲಾಗೆ ತೋರಿಸಿದೆ.

"ಅದನ್ನ ಖರೇ ಅಂತ ನಂಬಿದ್ದಿ ಏನೋ?"

"ನೀವೆಲ್ಲಾ ಮತ್ಯಾಕ ಹಾಕಿದ್ರಿ?"

"ಎಲ್ಲಾರೂ ಹಾಕಾಕತ್ತಿದ್ರಲಾ. ಕೊಟ್ರ ಕೊಡ್ಲಿ, ಬಿಟ್ರ ಬಿಡ್ಲಿ. ನಮ್ದೇನ ಹೋತು?"

ಮೂರು ನಾಟಕದ ಮಾತು ಬಾಯಿಪಾಠ ನನಗೆ. ಫೋನು ಕಿಸೆಗಿಟ್ಟು ಬಸ್ಸು ಹತ್ತಿದೆ.

4 ಮಾರ್ಚ್, ಸಂಜೆ
ಸುಂದ್ರವ್ವ ಮೊಮ್ಮಗಳ ಕೈ ಹಿಡಿದು ಬಂದಳು. "ಕಂಪನಿಯವ್ರು ಯಾವಾಗ ಬರ್ತಾರ ತಮ್ಮಾ? ದಿನಾ ಇಕಿ ಕಿವಿ ಒರಸಿ ಇಡಾಕತ್ತೇನಿ."

ಇವತ್ತು ಹೇಳಿಯೇ ಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮಯೂರಿ ಕಟ್ಟೆ ಹತ್ತಿದಳು. ಬಲಗೈ ಆಕಾಶಕ್ಕೆ. ಎಡಗೈ ಎದೆಗೆ. ಬಾಯಿ ಅಗಲ. ಸದ್ದಿಲ್ಲ. ಥೇಟ್ ನಾನು.

ಸುಂದ್ರವ್ವ ನಕ್ಕು ಚಪ್ಪಾಳೆ ತಟ್ಟಿದಳು. ಮಯೂರಿ ಇಳಿಯಲಿಲ್ಲ. ನನ್ನ ಕೈಯನ್ನೇ ನೋಡುತ್ತ ನಿಂತಳು. ನಾನೂ ತಟ್ಟಿದೆ.