ಮಡಿಲಕ್ಕಿಯಿಂದ ಬಸುರಾದವಳ ಪರವಾಗಿ

(ಸಂತಾನಹೀನತೆ ಸಂಶೋಧನಾ ಯೋಜನೆಯ ಮುಖ್ಯ ಸಂಯೋಜಕರಿಗೆ ಬಹಿರಂಗ ಪತ್ರ)

ಮಾನ್ಯರೇ,

ನನ್ನ ಹೆಂಡತಿ ಬಸುರಿಯಲ್ಲ. ಹೀಗೆಂದು ಒಬ್ಬ ಗಂಡ ಪತ್ರಿಕೆಯಲ್ಲಿ ಸಾರಿ ಹೇಳಬೇಕಾಗಿ ಬಂದದ್ದು ನಮ್ಮ ಸೀಮೆಯಲ್ಲಿ ಇದೇ ಮೊದಲಿರಬೇಕು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವಳು ಒಂದು ದಿನವೂ ಬಸುರಿಯಾಗಿದ್ದವಳಲ್ಲ; ಆಗಬೇಕೆಂಬ ಆಸೆಯಿಂದಲೇ ತಮ್ಮ ಯೋಜನೆಗೆ ಹೆಸರು ಕೊಟ್ಟಳು. ತಾವು ಒಂದು ಗುಳಿಗೆಯನ್ನೂ ಕೊಡದೆ, ಒಂದು ಹನಿ ರಕ್ತವನ್ನೂ ತೆಗೆಯದೆ, ದಾಖಲೆಯಲ್ಲಿ ಅವಳನ್ನು ಬಸುರಿ ಮಾಡಿದಿರಿ. ಆ ದಾಖಲೆಯ ಪ್ರಕಾರ ಅವಳಿಗೀಗ ಹದಿನಾಲ್ಕು ತಿಂಗಳು. ಬಸುರಿಯರಿಗೆ ಚಿಕಿತ್ಸೆ ಕೊಡುವಂತಿಲ್ಲವೆಂದು ಅವಳ ಸರದಿಯನ್ನು ರದ್ದು ಮಾಡಿದಿರಿ. ಮೂವತ್ತೆಂಟು ತುಂಬಿದವರನ್ನು ಯೋಜನೆಯಿಂದ ಕೈಬಿಡುವುದು ತಮ್ಮದೇ ನಿಯಮ. ಚಂದ್ರಕಲಾಗೆ, ಅಂದರೆ ನನ್ನ ಹೆಂಡತಿಗೆ, ಮೂವತ್ತೆಂಟು ತುಂಬಲು ಇನ್ನು ಐವತ್ತೊಂದು ದಿನ ಇದೆ. ಆದ್ದರಿಂದ ಈ ಪತ್ರ.

ನಾನು ಅರಕೆರೆ ಕಡೆಯ ಒಂದು ಹಳ್ಳಿಯವನು. ನಮ್ಮೂರ ಹಾಲಿನ ಡೇರಿಯಲ್ಲಿ ಬೆಳಗ್ಗೆ, ಸಂಜೆ ಹಾಲು ಪರೀಕ್ಷೆ ಮಾಡುವುದು ನನ್ನ ಕೆಲಸ. ಯಾರ ಮನೆಯ ಹಾಲಿಗೆ ನೀರು ಬಿದ್ದಿದೆ ಎಂದು ಹೇಳಿ ಊರಿನ ಅರ್ಧ ಜನರ ಕೋಪ ಸಂಪಾದಿಸಿದ್ದೇನೆ. ಇಂಥವನಿಗೆ ಸಂಶೋಧನೆಯ ವಿಚಾರ ಏನು ಗೊತ್ತು ಎಂದು ತಾವು ಕೇಳಬಹುದು. ಏನೂ ಗೊತ್ತಿಲ್ಲ. ಆದರೆ ಪರೀಕ್ಷೆ ಮಾಡದೆ ಪುಸ್ತಕದಲ್ಲಿ ಬರೆಯಬಾರದು ಎಂಬಷ್ಟು ಗೊತ್ತು.

ಕಳೆದ ವರ್ಷ ದೀಪಾವಳಿಯ ಮರುವಾರ ನಮ್ಮೂರ ಅಂಗನವಾಡಿಯಲ್ಲಿ ಬಸುರಿಯರಿಗೆ ಸಾಮೂಹಿಕ ಸೀಮಂತ ಇತ್ತು. ಹೇಗೂ ಚಪ್ಪರ ಹಾಕಿದೆ, ಮೈಕು ಇದೆ, ಕುರ್ಚಿ ಇದೆ ಎಂದು ತಾವು ಮಕ್ಕಳಿಲ್ಲದವರ ನೋಂದಣಿ ಶಿಬಿರವನ್ನೂ ಅಂದೇ, ಅಲ್ಲೇ ಇಟ್ಟುಕೊಂಡಿರಿ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ನಾಲ್ಕೂ ತಾಲ್ಲೂಕು ಸುತ್ತಬೇಕಾದವರಿಗೆ ಸಮಯ ಎಲ್ಲಿದೆ ಹೇಳಿ? ಹಸಿರು ಬಳೆ ತೊಟ್ಟು, ಹೂ ಮುಡಿದು ಕೂತ ಬಸುರಿಯರ ಎದುರಿಗೆ, ಮಕ್ಕಳಾಗದ ಏಳು ಹೆಂಗಸರನ್ನು ಬೆಂಚಿನ ಮೇಲೆ ಸಾಲಾಗಿ ಕೂರಿಸುವ ಉಪಾಯ ಯಾರಿಗೆ ಹೊಳೆಯಿತೋ, ಅವರ ಕರುಣೆಗೆ ಕೈ ಮುಗಿಯಬೇಕು. ಹೆಂಗಸರ ಶುಭಕಾರ್ಯವೆಂದು ನಾವು ಗಂಡಂದಿರು ಚಪ್ಪರದ ಆಚೆ ಬೇಲಿ ಹಿಡಿದು ನಿಂತಿದ್ದೆವು. ನಮ್ಮನ್ನು ಒಳಗೆ ಕರೆಯಬೇಕೆಂದು ಯಾರಿಗೂ ಅನ್ನಿಸಲಿಲ್ಲ, ನಮಗೂ ಅನ್ನಿಸಲಿಲ್ಲ.

ಆಮೇಲೆ ಆದದ್ದನ್ನು ಪತ್ತೆ ಹಚ್ಚಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಅಂಗನವಾಡಿ ಟೀಚರ್ ಪಾರ್ವತಮ್ಮ ಬಸುರಿಯರಿಗೆ ಮಡಿಲು ತುಂಬುತ್ತಿದ್ದವರು ತಲೆಯೆತ್ತಿ ನೋಡಿದ್ದಾರೆ. ಎದುರು ಬೆಂಚಿನಲ್ಲಿ ಏಳು ಜನ ಮುತ್ತೈದೆಯರು ನೆಲ ನೋಡಿಕೊಂಡು ಕೂತಿದ್ದಾರೆ. ಆ ತಾಯಿಗೆ ತಡೆಯಲಾಗಲಿಲ್ಲ. ನಾನು ಹೋಗಿ ಕೇಳಿದಾಗ ಪಾರ್ವತಮ್ಮ ಹೇಳಿದ್ದು ಇಷ್ಟು: "ಎದ್ರುಗೇ ಕೂತವ್ರೆ ಕನಪ್ಪ, ಅವ್ರ ಮಡ್ಲು ತುಂಬ್ದೆ ಎಂಗ್ ಬುಡ್ಲಿ? ಬಸ್ರಿ ಮಡ್ಲಿಗಿಟ್ಟ ಅಕ್ಕೀಲಿ ಒಂದ್ ಹಿಡಿ ಸಿಕ್ರೆ ಬೇಗ ಫಲ ಸಿಕ್ತದೆ ಅಂತಾರೆ. ಆಗ್ಲಿ ಅಂತ್ಲೇ ಆಕ್ದೆ."

ಹಾಕಿದರು. ಅಕ್ಕಿ, ಕಾಯಿ, ಎಲೆ ಅಡಿಕೆ, ಒಂದು ರವಿಕೆ ಕಣ. ಹನ್ನೊಂದು ವರ್ಷ ಯಾರ ಮನೆಯ ಸೀಮಂತಕ್ಕೆ ಹೋದರೂ ಅಡಿಗೆ ಮನೆಯಲ್ಲೇ ಉಳಿದುಬಿಡುತ್ತಿದ್ದ ನನ್ನ ಹೆಂಡತಿ ಅಂದು ಸೆರಗು ಒಡ್ಡಿದಳು. ಬೇಡ ಎನ್ನಬಹುದಿತ್ತಲ್ಲ ಎಂದು ಆಮೇಲೆ ನಾನೇ ರೇಗಿದೆ. "ಸೆರಗಿಗ್ ಬಿದ್ದ ಮಡ್ಲಕ್ಕಿಯ ಒದ್ರಕ್ಕಾಯ್ತದಾ?" ಎಂದಳು. ಆಗುವುದಿಲ್ಲ ಮಾನ್ಯರೇ. ನಮ್ಮ ಕಡೆ ಆಗುವುದಿಲ್ಲ.

ಅಕ್ಕಿ ಸರ್ಕಾರದ್ದು. ಸರ್ಕಾರದ ಅಕ್ಕಿ ಪಡೆದವರು ಸಹಿ ಹಾಕಬೇಕು. ಅಲ್ಲಿದ್ದದ್ದು ಬಸುರಿಯರ ಪುಸ್ತಕ ಒಂದೇ. ಏಳೂ ಜನ ಅದರಲ್ಲೇ ಸಹಿ ಮಾಡಿದರು. ಪಾರ್ವತಮ್ಮನನ್ನು ದೂರಬೇಡಿ. ಅವರು ಮಾಡಿದ್ದು ಹಾರೈಕೆ, ಆ ಹಾರೈಕೆಯನ್ನು ಫಲಿತಾಂಶ ಎಂದು ಬರೆದುಕೊಂಡವರು ತಮ್ಮ ಸಿಬ್ಬಂದಿ. ನೋಂದಾಯಿಸಿದ ಏಳು ಹೆಸರು ಬಸುರಿಯರ ಪುಸ್ತಕದಲ್ಲಿ ಸಿಕ್ಕಿದ್ದೇ ತಡ, ಏಳಕ್ಕೆ ಏಳೂ ಗರ್ಭಿಣಿಯರಾದರು. ಸೀಮಂತ ಎಂದರೆ ಐದು ತಿಂಗಳಾದರೂ ಆಗಿರಬೇಕಲ್ಲ, ಎಲ್ಲರಿಗೂ ಐದು ಎಂದು ತುಂಬಿದರು. ಯೋಜನೆಯ ಮೊದಲ ವರದಿಯನ್ನು ನಾನು ಓದಿದೆ. ನಮ್ಮ ಶಿಬಿರದಲ್ಲಿ ನೂರಕ್ಕೆ ನೂರು ಯಶಸ್ಸು! ಜಗತ್ತಿನ ವಿಜ್ಞಾನಿಗಳು ಅಂಡಾಣು, ವೀರ್ಯಾಣುಗಳನ್ನು ಪ್ರಯೋಗಾಲಯದಲ್ಲಿ ಕೂಡಿಸಲು ಕಣ್ಣು ಸವೆಸುತ್ತಿದ್ದಾರೆ. ತಾವು ಅದನ್ನು ಒಂದು ತೆಂಗಿನಕಾಯಿಯಲ್ಲಿ ಮುಗಿಸಿದ್ದೀರಿ. ಅದೂ ಹೆಸರು ಬರೆಸಿಕೊಳ್ಳುವ ಐದು ತಿಂಗಳ ಮೊದಲೇ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ನಾವು ಗಾದೆಯಲ್ಲಿಟ್ಟು ನಗುತ್ತೇವೆ. ತಮ್ಮನ್ನು ಎಲ್ಲಿಡುವುದು?

ನಮ್ಮ ಡೇರಿಯ ಹಸುಗಳಿಗೆ ಗಬ್ಬ ಕಟ್ಟಿಸುವ ಸೂಜಿ ಹಾಕುವವರು ಬರುತ್ತಾರೆ. ಹಾಕಿದ ದಿನವೇ ಹಸು ಗಬ್ಬ ಎಂದು ಅವರು ಬರೆಯುವುದಿಲ್ಲ. ಮೂರು ತಿಂಗಳು ಬಿಟ್ಟು ಬಂದು, ಮೊಣಕೈವರೆಗೆ ಕೈ ಹಾಕಿ ನೋಡಿ, ಆಮೇಲೆ ಬರೆಯುತ್ತಾರೆ. ಗಬ್ಬ ನಿಲ್ಲಲಿಲ್ಲವೆಂದರೆ ಹಸುವನ್ನಷ್ಟೇ ಅಲ್ಲ, ಕಡ್ಡಿಯಲ್ಲಿದ್ದ ಹೋರಿಯ ವೀರ್ಯವನ್ನೂ ಅನುಮಾನಿಸುತ್ತಾರೆ. ಒಂದು ಹಸುವಿಗೆ ಸಿಗುವ ಈ ಮರ್ಯಾದೆ ನನ್ನ ಹೆಂಡತಿಗೂ ಸಿಗಲಿ ಎಂದು ಕೇಳುವುದು ದುರಾಸೆಯೇ?

ಚಿಕಿತ್ಸೆಯ ಸರದಿ ಬಂತೇನೋ ಎಂದು ಕೇಳಲು ನಾವಿಬ್ಬರೂ ತಮ್ಮ ಕಚೇರಿಗೆ ಬಂದೆವು. ಕಂಪ್ಯೂಟರಿನ ಮುಂದಿದ್ದವರು, "ನಿಮ್ಮದು ಆಗಿದೆಯಲ್ಲ, ಇನ್ನೇನು ಬೇಕು?" ಎಂದರು. "ಆಗಿದ್ರೆ ನಾನ್ಯಾಕ್ ಸಾ ಎಲ್ಡ್ ಬಸ್ಸು ಹತ್ಕಂಡ್ ಬತ್ತಿದ್ದೆ?" ಎಂದಳು ಚಂದ್ರಕಲಾ. ಸಾಕ್ಷಿ ತನ್ನಿ ಎಂದರು. ಗರ್ಭಕೋಶ ಖಾಲಿಯಿದೆ ಎಂಬ ಸ್ಕ್ಯಾನ್ ವರದಿ ತಂದೆವು. ಅದನ್ನು ಓದಿ ಅವರು ಹೇಳಿದ ಮಾತನ್ನು ತಮ್ಮ ಕಚೇರಿಯ ಬಾಗಿಲಿಗೆ ಬರೆಸಿ ಹಾಕಬಹುದು: "ಸ್ಕ್ಯಾನಿನಲ್ಲಿ ಇಲ್ಲದಿರಬಹುದು, ಸಿಸ್ಟಮ್ಮಿನಲ್ಲಿ ಇದೆ."

ತಮ್ಮ ಸಿಸ್ಟಮ್ಮಿನಲ್ಲಿ ಒಮ್ಮೆ ಬಸುರಾದವಳಿಗೆ ಮೂರೇ ದಾರಿಗಳಂತೆ. ಹೆರಬೇಕು, ಗರ್ಭ ಹೋಗಬೇಕು, ಇಲ್ಲವೇ ತಾಯಿ ಸಾಯಬೇಕು. "ಗರ್ಭಪಾತ ಆಯ್ತು ಅಂತ ಒಂದು ಸಾಲು ಬರೆದು ಸಹಿ ಹಾಕಿಬಿಡಿ, ಇವತ್ತೇ ಮುಗಿಸಿ ನಿಮ್ಮನ್ನ ಚಿಕಿತ್ಸೆಗೆ ತಗೋತೀವಿ," ಎಂದು ಅವರು ಕಾಗದ ಮುಂದಿಟ್ಟರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಜೇಬಿನ ಪೆನ್ನಿನ ಮುಚ್ಚಳ ತೆಗೆದು ಅವಳ ಕೈಗೆ ಕೊಟ್ಟೆ. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ನನ್ನ ಕಣ್ಣ ಮುಂದೆ ಉಳಿದ ದಿನಗಳಷ್ಟೇ ಇದ್ದವು.

ಅವಳು ಬರೆಯಲಿಲ್ಲ. "ಒಂದಿನಾನೂ ಹೊಟ್ಟೇಲಿ ನಿಲ್ದಿರೋ ಕೂಸ ಕಳ್ಕಂಡೆ ಅಂತ ಬರ್ಕೊಡ್ಲಾ ಸಾ? ನನ್ ಕೈಯಾರೆ ಎಂಗ್ ಬರೀಲಿ? ನಾಳೆ ನಿಜ್ವಾಗ್ಲೂ ನಿಂತ್ರೆ, ಅದ್ಕೂ ಈ ಕೆಟ್ ಮಾತು ತಾಕ್ತದೆ," ಎಂದು ಪೆನ್ನನ್ನು ಮೇಜಿನ ಮೇಲಿಟ್ಟಳು. ನನಗೆ ನಾಚಿಕೆಯಾಯಿತು. ಕಂಪ್ಯೂಟರಿನ ಮುಂದಿದ್ದವರಿಗೆ ಊಟದ ಹೊತ್ತಾಯಿತು.

ಅಂದಿನಿಂದ ಅವಳ ಫೋನಿಗೆ ಹೆರಿಗೆಯ ದಿನ ಮೀರಿದೆ ಎಂಬ ಸಂದೇಶ ತಪ್ಪದೆ ಬರುತ್ತಿದೆ. ಆನೆ ಇಪ್ಪತ್ತೆರಡು ತಿಂಗಳು ಹೊರುತ್ತದಂತೆ, ಇನ್ನೂ ಎಂಟು ತಿಂಗಳು ಕಾಯೋಣವೇ? ಕಳೆದ ತಿಂಗಳು ಆರೋಗ್ಯ ಇಲಾಖೆಯ ಇಬ್ಬರು ಮನೆಗೇ ಬಂದರು. ಮಗು ಎಲ್ಲಿ, ಹೆಣ್ಣೆಂದು ಗೊತ್ತಾಗಿ ತೆಗೆಸಿದಿರಾ ಎಂದು ಕೇಳಿದರು. ಹೆಣ್ಣು ಭ್ರೂಣ ಕೊಲ್ಲಿಸುವವರಿಂದ ನಮ್ಮ ಜಿಲ್ಲೆಯ ಹೆಸರು ಮೊದಲೇ ಕೆಟ್ಟಿದೆ, ಅವರು ಕೇಳಿದ್ದು ತಪ್ಪಲ್ಲ. ಆದರೆ ಹೆಣ್ಣಾಗಲಿ ಗಂಡಾಗಲಿ ಒಂದು ಕೂಸಿಗಾಗಿ ಇಷ್ಟು ವರ್ಷ ಕಾದವಳು ಆ ಪ್ರಶ್ನೆಗೆ ಏನು ಉತ್ತರ ಕೊಡಬೇಕು? ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇನ್ನೊಂದು ವಿಚಾರ. ತಮ್ಮ ಅರ್ಜಿಯಲ್ಲಿ ಹೆಂಡತಿಯ ಬಗ್ಗೆ ನಲವತ್ತೆರಡು ಪ್ರಶ್ನೆಗಳಿವೆ. ಗಂಡನ ಪರೀಕ್ಷೆ ಎಂಬಲ್ಲಿ ಎಲ್ಲರಿಗೂ 'ಅಗತ್ಯವಿಲ್ಲ' ಎಂದು ತುಂಬಲಾಗಿದೆ. ಬೇಲಿಯ ಆಚೆ ನಿಂತವರನ್ನು ಕರೆಯುವುದಕ್ಕಿಂತ ಅದು ಸುಲಭ. ನಾನು ಮೈಸೂರಿಗೆ ಹೋಗಿ ನಾನಾಗಿಯೇ ಪರೀಕ್ಷೆ ಮಾಡಿಸಿಕೊಂಡೆ, ಎರಡು ಸಲ. ಕೊರತೆ ಇರುವುದು ನನ್ನಲ್ಲಿ. ವೀರ್ಯಾಣುಗಳ ಸಂಖ್ಯೆ ತೀರ ಕಡಿಮೆ. ನನ್ನ ತಾಯಿ ತಿಮ್ಮಮ್ಮನಿಗೆ ಹೇಳಿದರೆ, "ಸುಮ್ನಿರ್ಲಾ, ಗಂಡಸ್ರಿಗೆ ಅಂಗೆಲ್ಲ ಆಯ್ತದಾ? ಯಾವನೋ ಬಾಟ್ಲಿ ಅದಲು ಬದಲು ಮಾಡವ್ನೆ," ಎಂದರು. ಓದು ಬರಹ ಬಾರದ ನನ್ನ ತಾಯಿಯೂ ತಮ್ಮ ಸಂಶೋಧನೆಯೂ ಒಂದೇ ತೀರ್ಮಾನಕ್ಕೆ ಬಂದಿರುವುದು ಸಂತೋಷದ ವಿಷಯ. ಮೈಸೂರಿನ ವೈದ್ಯರು ಮಾತ್ರ ಬೇರೆ ಹೇಳಿದರು. ಒಂದೇ ಒಂದು ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸುವ ವಿಧಾನ ಇದೆಯಂತೆ. ಒಂದು ಸಾಕಂತೆ. ಆ ಚಿಕಿತ್ಸೆ ತಮ್ಮ ಯೋಜನೆಯಲ್ಲೇ ಇದೆ, ನಮ್ಮ ಕೈಗೆ ಎಟುಕುವಂತೆ ಅಲ್ಲಿ ಮಾತ್ರ ಇದೆ.

ಆದ್ದರಿಂದ ಕೇಳುತ್ತಿದ್ದೇನೆ. ತಮ್ಮ ಸಿಸ್ಟಮ್ಮಿನಲ್ಲಿ 'ತಪ್ಪು ನಮ್ಮದು' ಎಂಬ ನಾಲ್ಕನೆಯ ದಾರಿಯೊಂದನ್ನು ತೆರೆಯಿರಿ. ಏಳೂ ಹೆಂಗಸರ ಆಗದ ಬಸಿರನ್ನು ಯಾವ ಸಾವೂ ಇಲ್ಲದೆ ಅಳಿಸಿ. ಚಂದ್ರಕಲಾಳನ್ನು ಈ ತಿಂಗಳೊಳಗೆ ಕರೆಸಿ, ಜೊತೆಗೆ ನನ್ನನ್ನೂ ಕರೆಸಿ, ನನ್ನ ಹೆಸರಿನ ಮುಂದೆ ಇರುವುದನ್ನು ಇರುವ ಹಾಗೆ ಬರೆಯಿರಿ. ವಯಸ್ಸು ಮೀರಿತು ಎಂದು ತಳ್ಳುವುದಾದರೆ ತಾವೇ ಕಳೆದ ಒಂಬತ್ತು ತಿಂಗಳನ್ನು ಮೊದಲು ಹಿಂದಕ್ಕೆ ಕೊಡಿ.

ಈ ಪತ್ರವನ್ನು ಕಳಿಸುವ ಮುಂಚೆ ಅವಳಿಗೆ ಓದಿ ಹೇಳಿದೆ. ಕೊನೆಗೆ ಒಂದೇ ಮಾತು ಹೇಳಿದಳು: "ನಿಮ್ ಇಸ್ಯ ಬರ್ದಿರೋದ್ನ ಮಾತ್ರ ತಗ್ದ್ಬುಡಿ. ಊರೋರು ನಗ್ತಾರೆ, ನೀವ್ ತಡ್ಕಳಾಕಿಲ್ಲ." ಹನ್ನೊಂದು ವರ್ಷ ಆ ಊರಿನ ನಗುವನ್ನು ಅವಳೊಬ್ಬಳೇ ತಡೆದುಕೊಂಡಿದ್ದಳು.

ನಾನು ಒಂದು ಸಾಲನ್ನೂ ತೆಗೆದಿಲ್ಲ.

ಇಂತಿ,
ಇನ್ನೂ ಅಪ್ಪನಾಗದ, ಆಗುವ ಆಸೆಯನ್ನೂ ಬಿಡದ,
ಶಂಕರ್
ಹಾಲು ಪರೀಕ್ಷಕ, ಶ್ರೀರಂಗಪಟ್ಟಣ ತಾಲ್ಲೂಕು