ಕಂಬದ ಮೇಲಿನ ಅಮ್ಮ

ಭದ್ರಾವತಿ

ಮಾನ್ಯ ಪೌರಾಯುಕ್ತರಿಗೆ ನಮಸ್ಕಾರಗಳು.

ನಮ್ಮ ವಾರ್ಡಿನ ಸದಸ್ಯೆಯಾಗಿದ್ದ ಜಯಶೀಲಾ ಅವರ ಮಗಳು ನಾನು. ಅಮ್ಮ ತೀರಿಕೊಂಡ ಮರುದಿನವೇ ಜನ ಪ್ರೀತಿಯಿಂದ ವಾರ್ಡಿನ ತುಂಬ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿದ್ದಾರೆ. ಕರೆಂಟ್ ಕಂಬಕ್ಕೆ ಫ್ಲೆಕ್ಸ್ ಕಟ್ಟಬಾರದೆಂದು ಬದುಕಿಡೀ ಜಗಳವಾಡಿದವಳು ಅವಳು. ನಾನು ಎಸ್ಸೆಸ್ಸೆಲ್ಸಿಯಲ್ಲಿ ತಾಲ್ಲೂಕಿಗೇ ಮೊದಲು ಬಂದಾಗ ಬೀದಿಯವರು ಕಟ್ಟಿದ್ದ ನನ್ನ ಫ್ಲೆಕ್ಸನ್ನೂ ತಾನೇ ಏಣಿ ಹತ್ತಿ ಬಿಚ್ಚಿದ್ದಳು. ಆಗ ವಾರಗಟ್ಟಲೆ ಅವಳ ಜೊತೆ ಮಾತು ಬಿಟ್ಟಿದ್ದೆ.

ಈಗ ಹಾಲಿನ ಅಂಗಡಿಯೆದುರಿನ ಫ್ಲೆಕ್ಸಿನ ಒಂದು ಕಡೆಯ ಹಗ್ಗ ಬಿಚ್ಚಿಹೋಗಿದೆ. ಗಾಳಿ ಬಂದಾಗಲೆಲ್ಲ ಅದರ ಅಂಚು ಅಮ್ಮನ ಮುಖಕ್ಕೇ ಬಡಿಯುತ್ತದೆ. ಬಿಚ್ಚಿಬಿಡೋಣವೇ ಎಂದು ಅದನ್ನು ಕಟ್ಟಿಸಿದ ಷಣ್ಮುಖಪ್ಪನವರನ್ನು ಕೇಳಿದೆ. "ಇರ್ಲಿ ಬಿಡು ಮಾರಾಯ್ತಿ, ಜಯಕ್ಕ ಅಲ್ಲಿದ್ರೆ ನಮಗೊಂದು ಧೈರ್ಯ" ಎಂದು ಕಣ್ಣೊರೆಸಿಕೊಂಡರು. ಕೊನೆಗೆ ನಾನೇ ಏಣಿ ಹತ್ತಿದೆ. ಮುಖದ ಹತ್ತಿರ ಹೋದಾಗ ಕೈ ಏಳಲಿಲ್ಲ. ಇಳಿದು ಬಂದೆ.

ದಯವಿಟ್ಟು ನಿಮ್ಮ ಸಿಬ್ಬಂದಿಯನ್ನು ಕಳಿಸಿ ಎಲ್ಲವನ್ನೂ ತೆಗೆಸಿ. ನಾನು ಕೇಳಿದೆನೆಂದು ಯಾರಿಗೂ ಹೇಳಬೇಡಿ. ಹಾಲಿನ ಅಂಗಡಿಯೆದುರಿನದೊಂದನ್ನು ಮಾತ್ರ ಕಸದ ಗಾಡಿಗೆ ಹಾಕದೆ ಮನೆಗೆ ಕೊಡಿಸಿ.

ನಿನ್ನೆ ಅಮ್ಮನ ಸೀರೆಗಳನ್ನು ತೆಗೆಯುವಾಗ ಬೀರುವಿನ ತಳದಲ್ಲಿ ನನ್ನ ಆ ಹಳೆಯ ಫ್ಲೆಕ್ಸ್ ಸಿಕ್ಕಿತು. ಮುಖದ ಮೇಲೆ ಒಂದು ಗೆರೆಯೂ ಬೀಳದ ಹಾಗೆ ಮಡಚಿಟ್ಟಿದ್ದಳು. ಹಾಗೆ ಮಡಚಲು ನನಗೆ ಬರುವುದಿಲ್ಲ. ಅವಳದನ್ನು ಸುರುಳಿ ಸುತ್ತಿಯೇ ಕೊಡಲು ಹೇಳಿ.

ಇಷ್ಟನ್ನು ನಡೆಸಿಕೊಡುವಿರೆಂದು ನಂಬಿರುವ,
ಸುಮನಾ