ಹನ್ನೊಂದು ಸಲ ಬಿದ್ದೆ

ಮಾರ್ಚ್ 9, ಬೆಳಿಗ್ಗೆ 8

ಇವತ್ತು ಹನ್ನೊಂದು ಸಲ ಬಿದ್ದೆ. ಎಡ ಮಂಡಿ ಊದಿದೆ. ಕೋಟೆ ಕಂದಕದ ಪಕ್ಕದ ಕಲ್ಲುಹಾಸು ಇನ್ನೂ ಚಳಿಗೆ ಕೊರೆಯುತ್ತಿದೆ, ಲುವಾನ್ ಗುರುಗಳಿಗೆ ಅದರ ಪರಿವೆಯಿಲ್ಲ. ಅಂಗೈಯನ್ನು ನನ್ನ ಎದೆಗೆ ತಾಗಿಸುತ್ತಾರೆ. ನಾನು ಎರಡು ಹೆಜ್ಜೆ ಕುಪ್ಪಳಿಸಿ, ಮೂರನೆಯದಕ್ಕೆ ಹಿಂದಕ್ಕೆ ಹಾರುತ್ತೇನೆ. ನೋಡಲು ಬಂದವರು ಫೋನ್ ಎತ್ತುತ್ತಾರೆ. ತೈಚಿಯ ಒಳಶಕ್ತಿ ಅಂದರೆ ಇದೇ ಅಂದುಕೊಂಡು ಮನೆಗೆ ಹೋಗುತ್ತಾರೆ.

ಸೇರಿದ ಮೊದಲ ತಿಂಗಳು ನಾನೂ ಕಂಬದ ಹಾಗೆ ನಿಂತಿದ್ದೆ. ಆಗಿನ ಹಿರಿಯ ಶಿಷ್ಯ ಪಕ್ಕಕ್ಕೆ ಕರೆದು ತಲೆಗೆ ಮೊಟಕಿದ್ದ. "ನಾಲ್ಕು ಜನರ ಮುಂದೆ ಗುರುಗಳ ಮರ್ಯಾದೆ ತೆಗೀತೀಯೇನೋ? ಅವರ ಕೈ ತಾಗಿದ ಮೇಲೆ ನಿಂತ್ಕೋಬಾರದು." ಮಾರನೆಯ ದಿನ ನಾಲ್ಕು ಹೆಜ್ಜೆ ಹಾರಿದೆ. "ಇವನ ಮೈ ಈಗ ತೆರೀತು ನೋಡಿ" ಅಂದರು ಗುರುಗಳು. ಮನೆಗೆ ಕರೆದು ಹಂದಿಮಾಂಸದ ಕಡುಬು ತಿನ್ನಿಸಿದರು. ಆಮೇಲೆ ಮಂಡಿಯೂರಿ ಚಹಾ ಅರ್ಪಿಸಿ ಶಿಷ್ಯನಾದೆ. ಇಪ್ಪತ್ತೆರಡು ವರ್ಷವಾಯಿತು. ಈಗ ಹೊಸಬರ ತಲೆಗೆ ಮೊಟಕುವವನು ನಾನೇ.

ಮಾರ್ಚ್ 17

ನಿಂಗ್ ಬಂದಿದ್ದ. ಬಸ್ ನಿಲ್ದಾಣದ ಹಿಂದೆ ಬಾಕ್ಸಿಂಗ್ ಕಲಿಸುವವನು. ಅರ್ಧ ಗಂಟೆ ಸುಮ್ಮನೆ ನೋಡಿದ. ಆಮೇಲೆ, "ತಾತ, ನನ್ನನ್ನೂ ಒಂದ್ಸಲ ತಳ್ಳಿ. ನಿಜವಾಗ್ಲೂ ನೋಡ್ಬೇಕು" ಅಂದ. ಮಾತಿನಲ್ಲಿ ಕೊಂಕಿರಲಿಲ್ಲ. ಅದೇ ತೊಂದರೆ.

ನಾನು ಅಡ್ಡ ಹೋದೆ. "ಗುರುಗಳು ಹೊರಗಿನವರ ಮೇಲೆ ಕೈ ಮಾಡಲ್ಲಪ್ಪ. ಕರುಳಿಗೆ ಪೆಟ್ಟಾದ್ರೆ ಯಾರು ನೋಡ್ತಾರೆ?" ಬಾಯಿಪಾಠದ ಮಾತು. ಎಲ್ಲರನ್ನೂ ಹೀಗೇ ಸಾಗಹಾಕಿದ್ದೇನೆ.

ಗುರುಗಳು ನನ್ನನ್ನು ಸರಿಸಿದರು. "ಇಪ್ಪತ್ತೆಂಟನೇ ತಾರೀಕು ನಿನ್ನ ಜಾಗಕ್ಕೇ ಬರ್ತೀನಿ. ನೀನು ಬೇಕಾದ್ರೆ ಹೊಡಿ, ನಾನು ಮೆಲ್ಲಗೆ ತಳ್ತೀನಿ, ಹೆದರ್ಕೋಬೇಡ."

ಜನರ ಮುಂದೆ ಜಂಬ, ಮನೆಗೆ ಹೋಗುವಷ್ಟರಲ್ಲಿ ಇಳಿಯುತ್ತದೆ ಅಂದುಕೊಂಡೆ. ಇಲ್ಲ. ನಿಂಗ್‌ಗೆ ಪೆಟ್ಟಾದರೆ ಹಚ್ಚಲು ಯಾವ ಎಣ್ಣೆ ಒಯ್ಯೋಣ ಎಂದು ದಾರಿಯುದ್ದಕ್ಕೂ ಕೇಳಿದರು... ನಂಬಿದ್ದಾರೆ. ನಂಬಿಸಿದವರು ನಾವು.

ಮಾರ್ಚ್ 24, ಮಧ್ಯಾಹ್ನ

ಗುರುಪತ್ನಿ ಅಂಗಳದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. "ಗೆಂಗ್, ಕೂತ್ಕೋ. ಒಂದು ಕೇಳ್ತೀನಿ, ಮುಚ್ಚಿಡಬೇಡ. ದಿನಾ ಬೀಳ್ತೀಯಲ್ಲ. ಅವರು ತಳ್ಳಿದ್ದಕ್ಕಾ, ನೀನಾಗೇ ಬೀಳೋದಾ?"

ನಾನೂ ಒಂದು ಬೆಳ್ಳುಳ್ಳಿ ಎತ್ತಿಕೊಂಡು ಸುಲಿಯತೊಡಗಿದೆ.

"ಒಂದು ಮಾತು ಹೇಳು. ಬಾಗಿಲಿಗೆ ಅಡ್ಡ ಮಲಗಿಯಾದ್ರೂ ತಡೀತೀನಿ. ಅರವತ್ತೊಂಬತ್ತು ಕಣಪ್ಪ ಅವರಿಗೆ."

ಒಳಗೆ ಗುರುಗಳು ಹಾಡು ಗುನುಗುತ್ತಿದ್ದರು. ನಿಜ ಹೇಳಿದರೆ ಅವರ ಹೆಸರಷ್ಟೇ ಅಲ್ಲ, ನನ್ನ ಇಪ್ಪತ್ತೆರಡು ವರ್ಷವೂ ಮಣ್ಣುಪಾಲು. "ನಿಜಾನೇ ಅಮ್ಮ. ತಡ್ಕೊಳ್ಳೋಕೆ ಆಗಲ್ಲ" ಅಂದೆ.

ಅವರ ಮುಖ ಹಗುರಾಯಿತು. ಒಂದು ಬಾಟಲಿ ಬೆಳ್ಳುಳ್ಳಿ ಉಪ್ಪಿನಕಾಯಿ ಕೊಟ್ಟು ಕಳಿಸಿದರು. ಇಲ್ಲೇ ಮೇಜಿನ ಮೇಲಿದೆ. ಮುಚ್ಚಳ ತೆಗೆದಿಲ್ಲ. ಹೇಡಿ ನಾನು.

ಮಾರ್ಚ್ 28

ಹನ್ನೆರಡು ಸೆಕೆಂಡಿನಲ್ಲಿ ಮುಗಿಯಿತು.

ಗುರುಗಳು ಕೈ ಎತ್ತಿದರು, ನಮ್ಮ ಮೇಲೆ ಎತ್ತುವ ಹಾಗೆಯೇ. ನಿಂಗ್ ಕಾದ. ಏನಾದರೂ ಆಗಬಹುದೇನೋ ಎಂದು ಅವನೂ ಕಾದ. ಅಂಗೈ ಎದೆಗೆ ತಾಗಿತು. ಅವನು ನಿಂತೇ ಇದ್ದ. ಆಮೇಲೆ ಹೊಡೆದ. ಗುರುಗಳು ಬಿದ್ದು ಎದ್ದರು, ಮತ್ತೆ ಅದೇ ಕೈ ಎತ್ತಿದರು. ಎರಡನೆಯ ಪೆಟ್ಟಿಗೆ ಬಿದ್ದಾಗ ಅವರು ನೋಡಿದ್ದು ನಿಂಗ್‌ನನ್ನಲ್ಲ, ನನ್ನನ್ನು.

ಮಾರ್ಚ್ 30

ಗುರುಗಳ ಕೆನ್ನೆಯ ಮೂಳೆ, ಎರಡು ಪಕ್ಕೆಲುಬು ಮುರಿದಿವೆ. ನಿಂಗ್ ಸೇಬು ಹಿಡಿದು ಆಸ್ಪತ್ರೆಗೆ ಬಂದಿದ್ದ. ಹೊರಗಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತ. "ತಾತನ ಕಾಲು ಎಷ್ಟು ಗಟ್ಟಿ ಗೊತ್ತಾ ಅಣ್ಣ. ನನ್ನ ಹತ್ರ ಕಲಿಯೋರಿಗೆ ಯಾರಿಗೂ ಅಂಥ ಕಾಲಿಲ್ಲ. ಆದ್ರೆ ಇಷ್ಟು ವರ್ಷದಲ್ಲಿ ಅವರಿಗೆ ಯಾರೂ ಒಂದೇಟೂ ಹೊಡೆದಿಲ್ಲ, ಅಲ್ವಾ?"

ಇಲ್ಲ. ಯಾರೂ ಹೊಡೆದಿಲ್ಲ. ಅವರು ಕಲಿಯುವಾಗ ಅವರ ಗುರುಗಳು ಕಣದಲ್ಲಿ ಕುಸ್ತಿ ಆಡಿಸಿ ಮೈ ಹಣ್ಣು ಮಾಡುತ್ತಿದ್ದರಂತೆ. ನಮ್ಮ ಕಾಲಕ್ಕೆ ಅದು ನಿಂತಿತು, ಬೀಳುವುದೊಂದು ಉಳಿಯಿತು.

ಗುರುಪತ್ನಿ ನನಗೆ ಬೈಯಲಿಲ್ಲ. "ನಿನ್ನನ್ನೇ ಕೇಳಿದ್ದೆ" ಅಂದರು, ಅಷ್ಟೆ.

ಏಪ್ರಿಲ್ 21

ನೋಡಲು ಮನೆಗೆ ಬಂದವರಿಗೆ ಗುರುಗಳು ಹಾಸಿಗೆಯಿಂದಲೇ ಹೇಳುತ್ತಾರೆ: "ಆ ನಿಂಗ್ ಮರದ ಕೊರಡು. ಕೊರಡಿಗೆ ಶಕ್ತಿ ತಾಗಲ್ಲ." ಬಂದವರೆಲ್ಲ ತಲೆಯಾಡಿಸುತ್ತಾರೆ. ಎಲ್ಲರೂ ಹೋದ ಮೇಲೆ, "ಗೆಂಗ್, ಎದ್ದು ನಿಂತ್ಕೋ" ಅಂದರು. ಅಂಗೈ ಎದೆಗೆ ತಂದರು. ಪೂರ್ತಿ ಬಲ ಹಾಕಿದರು, ತೋಳು ನಡುಗಿತು.

ನಾನು ನಿಂತೇ ಇದ್ದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.

"ಮುಂಚೆ ಒಂದ್ಸಲಾದ್ರೂ ನಿಂತ್ಕೋಬಹುದಿತ್ತು ನೀನು" ಅಂದರು. ಗೋಡೆ ಕಡೆ ತಿರುಗಿ ಮಲಗಿದರು. ನನಗೆ ಅಳು ಬಂತು, ಅವರು ನೋಡಲಿಲ್ಲ. ಹೊರಡುವಾಗ ಮಾತ್ರ, "ಪಾಠ ನಿಲ್ಲಿಸಬೇಡ" ಅಂದರು.

ಜೂನ್ 2, ಬೆಳಿಗ್ಗೆ 9

ಪಾಠಕ್ಕೆ ಉಳಿದವರು ಐದು ಜನ. ಔಷಧಿ ಅಂಗಡಿಯ ಪಾಂಗ್ ಇವತ್ತು ಮರಳಿ ಬಂದಳು. "ಅಣ್ಣ, ಇನ್ಮೇಲೆ ನೀವೇ ನಮಗೆ ಗುರುಗಳು" ಅಂದಳು. ಇನ್ನು ಮೇಲೆ ಯಾರೂ ಸುಮ್ಮನೆ ಬೀಳಬಾರದು, ನನ್ನನ್ನು ನಿಜವಾಗಿ ತಳ್ಳಬೇಕು, ಹೊಡೆಯಬೇಕು ಎಂದು ಹೇಳಲು ಮನೆಯಿಂದಲೇ ಮಾತು ಜೋಡಿಸಿಕೊಂಡು ಹೋಗಿದ್ದೆ. ಮೊದಲು ಅವಳನ್ನು ಎದುರು ನಿಲ್ಲಿಸಿ, ಹೇಗೆ ನಿಲ್ಲಬೇಕು ಎಂದು ತೋರಿಸಲು ಕೈ ಚಾಚಿದೆ. ತಾಗಿಯೇ ಇರಲಿಲ್ಲ. ನಾಲ್ಕು ಹೆಜ್ಜೆ ಹಿಂದಕ್ಕೆ ಹಾರಿದಳು.

ಕಂದಕದ ಪಕ್ಕ ನಿಂತಿದ್ದವರು ಫೋನ್ ಎತ್ತಿದರು. ಬೈಯಬೇಕಿತ್ತು. ಬೈಯಲಿಲ್ಲ. ಅಂಗೈಯಲ್ಲಿ ಏನೋ ಬೆಚ್ಚಗೆ ಹರಿದ ಹಾಗಾಯಿತು. ಸುಳ್ಳು ಅಂತ ಗೊತ್ತು. ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು.

ಕೈ ಇನ್ನೂ ಬೆಚ್ಚಗಿದೆ.

ನಾಳೆ ಪಾಂಗ್‌ಗೆ ಹೇಳಿಬಿಡುತ್ತೇನೆ. ಹೇಳುವ ಮುಂಚೆ ಇನ್ನೊಂದೇ ಒಂದು ಸಲ—